‘ಆಮ್ಯಾಲೆ ನೋಡೋಣು’ ಅನ್ನೋ ಮಾತು ಬಿಡೋಣ

ಹೋದ ದೀಪಾವಳಿಗೆ ಬೈಲಹೊಂಗಲದ ತವರಿಗೆ ಹೋದಾಗ, ಸಂಬಂಧದಲ್ಲಿ ಅತ್ತೆಯಾಗಬೇಕಾದ ಒಬ್ಬರು ಅಡುಗೆಮನೆ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: “ಎದಿಯಾಗ ಒಂದು ಗಂಟು ಆಗೇತಿ. ನೋವು ಏನೂ ಇಲ್ಲ ಬಿಡವಾ. ಹತ್ತಿ ಬಿಡಿಸೂದು ಮುಗೀಲಿ, ಮಗಳ ಮದುವಿ ಆಗಲಿ, ಆಮ್ಯಾಲೆ ನೋಡೋಣು.” ಗಂಟು ಕಂಡು ಆಗಲೇ ಆರು ತಿಂಗಳಾಗಿತ್ತು!

ಗೆಳತಿಯರೇ, ಸ್ತನ ಕ್ಯಾನ್ಸರ್ ಎಂದರೆ ಹಣೆಬರಹ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಂಕಿ-ಅಂಶಗಳು ಬೇರೆಯೇ ಮಾತು ಹೇಳುತ್ತವೆ.

2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಈ ರೋಗ ಬಂತೆಂದು ಅಂದಾಜು. ರೋಗ ಪತ್ತೆಯಾಗಿ ಐದು ವರ್ಷದ ನಂತರ ಬದುಕಿರುವವರು ಅಮೆರಿಕದಲ್ಲಿ ನೂರಕ್ಕೆ 90, ನಮ್ಮಲ್ಲಿ 66. ರೋಗ ಅದೇ, ಔಷಧಿಗಳೂ ಬಹುಪಾಲು ಅವೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ತಡವಾದಷ್ಟೂ ಕಷ್ಟ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಗಂಟು ಎದೆಯಲ್ಲಷ್ಟೇ ಇದ್ದಾಗ ಬಂದವರಲ್ಲಿ ನೂರಕ್ಕೆ 81 ಮಂದಿ ಐದು ವರ್ಷ ದಾಟಿದ್ದಾರೆ. ಕಂಕುಳಿನಂಥ ಅಕ್ಕಪಕ್ಕದ ಜಾಗಕ್ಕೆ ಹಬ್ಬಿದ ಮೇಲೆ ಬಂದವರಲ್ಲಿ ಸುಮಾರು 65. ಮೂಳೆ, ಶ್ವಾಸಕೋಶ ಮುಟ್ಟಿದ ಮೇಲೆ ಬಂದವರಲ್ಲಿ ಬರೀ 18! ಊರಿಂದ ಊರಿಗೂ ಅಂತರವಿದೆ. ಮಿಜೋರಾಂನಲ್ಲಿ ಸುಮಾರು 75 ಮಂದಿ ಉಳಿದರೆ, ಅರುಣಾಚಲದ ಪಾಸಿಘಾಟ್‌ನಲ್ಲಿ 42 ಮಾತ್ರ.

ಅಂದರೆ ವಯಸ್ಸು, ಊರು, ಓದು, ಹಣ ಇವೆಲ್ಲ ನೇರವಾಗಿ ಕೊಲ್ಲುವುದಿಲ್ಲ, ಆಸ್ಪತ್ರೆಗೆ ಹೋಗುವ ದಿನವನ್ನು ಮುಂದಕ್ಕೆ ಹಾಕುತ್ತವೆ. ಸವದತ್ತಿಯ ಹಳ್ಳಿಯ ಹೆಂಗಸು ಹೊಲದ ಕೂಲಿ ತಪ್ಪುತ್ತದೆಂದು ಕಾಯುತ್ತಾಳೆ. ರಾಮದುರ್ಗದ ನೇಕಾರರ ಮನೆಯವಳು ಮಗ್ಗ ನಿಂತರೆ ಹೇಗೆ ಎನ್ನುತ್ತಾಳೆ. ಕಿತ್ತೂರಿಗೆ ಹೆದ್ದಾರಿಯಿದೆ, ಧಾರವಾಡವೂ ಬೆಳಗಾವಿಯೂ ಹತ್ತಿರ. ಆದರೂ “ಗಂಡ ಡಾಕ್ಟರ ಮುಂದೆ ಹೆಂಗ ತೋರಸ್ಲಿ?” ಎಂಬ ನಾಚಿಕೆಗೆ ಯಾವ ಬಸ್ಸೂ ಇಲ್ಲ. ನಲವತ್ತರೊಳಗಿನವಳಿಗೆ “ಈ ವಯಸ್ಸಿಗೆಲ್ಲಾ ಬರೂದಿಲ್ಲ” ಎಂಬ ಧೈರ್ಯ. ಆದರೆ ನಮ್ಮ ದೇಶದಲ್ಲಿ ಇದು ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಇನ್ನು ಅರವತ್ತೈದು ದಾಟಿದ ಅಜ್ಜಿಗೆ “ಇನ್ನೇನು ಚಿಕಿತ್ಸೆ” ಎನ್ನುವವರು ಮನೆಯವರೇ!

ಪೇಟೆಯಲ್ಲಿರುವ ನಾವು ಜಾಣೆಯರು ಅಂತೀರಾ? ಮಕ್ಕಳ ಪರೀಕ್ಷೆ, ಅತ್ತೆಯ ಬಿಪಿ, ಯಜಮಾನರ ಊಟದ ಡಬ್ಬಿ... ನಮ್ಮ ಸರದಿ ಬರುವುದು ಕೊನೆಗೆ. ದೇಶದಲ್ಲಿ 30ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಒಬ್ಬಳೂ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡಿಲ್ಲ ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ.

ಕೈ ಪರೀಕ್ಷೆಯೂ ಸಾಕು

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಬಡಾವಣೆಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿದರು. ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷೆ ಮಾಡಿದರು. ಅವರಲ್ಲಿ 50 ದಾಟಿದವರ ಸಾವು ಶೇ 30ರ ಹತ್ತಿರ ಕಡಿಮೆಯಾಯಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮಂಥವರಿಗೆ ದೊಡ್ಡ ಭರವಸೆ.

ನೀವು ಮಾಡಬೇಕಾದ್ದಿಷ್ಟು:

* ತಿಂಗಳಿಗೊಮ್ಮೆ, ಮುಟ್ಟು ಮುಗಿದ ನಂತರ, ಎರಡೂ ಸ್ತನ ಮತ್ತು ಕಂಕುಳನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳಿ. ಗಂಟು, ಚರ್ಮದ ಕುಳಿ, ತೊಟ್ಟು ಒಳಕ್ಕೆ ಹೋಗುವುದು, ತೊಟ್ಟಿನಿಂದ ರಕ್ತ ಕಂಡರೆ ಒಂದೆರಡು ವಾರದೊಳಗೆ ವೈದ್ಯರಿಗೆ ತೋರಿಸಿ.

* ನೋವಿಲ್ಲ ಎಂದು ಸುಮ್ಮನಾಗಬೇಡಿ. ಕ್ಯಾನ್ಸರ್ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಗಂಟೆಲ್ಲ ಕ್ಯಾನ್ಸರ್ ಅಲ್ಲ ಎಂಬುದೂ ನೆನಪಿರಲಿ.

* 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಊರಲ್ಲಿರುವ ಅಕ್ಕ, ಅತ್ತಿಗೆಗೆ ಆಶಾ ಕಾರ್ಯಕರ್ತೆಯನ್ನು ಕೇಳಲು ಹೇಳಿ.

* ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಹಳೆಯದು. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ.

ಒಂದು ಕೋಣೆ ಕೊಡಿ

ಕೊನೆಯದಾಗಿ ಒಂದು ಮಾತು. ಆಪರೇಷನ್ ಆದ ಮೇಲೆ ಹಲವರಿಗೆ ವಿಕಿರಣ ಚಿಕಿತ್ಸೆ ಬೇಕು. ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ. ರಾಮದುರ್ಗದಿಂದ ದಿನಾ ಬಸ್ಸಿಗೆ ಬಂದು ಹೋಗುವುದು ಆಗುವ ಮಾತಲ್ಲ. ನಗರದಲ್ಲಿ ಉಳಿಯಲು ಜಾಗವಿಲ್ಲವೆಂದು ಅರ್ಧಕ್ಕೇ ಬಿಡುವವರಿದ್ದಾರೆ. ಆ ಅಂತರ ತುಂಬಲು ಸರ್ಕಾರವೇ ಬೇಕೇ? ಹುಬ್ಬಳ್ಳಿ, ಬೆಳಗಾವಿಯಲ್ಲಿರುವ ನಮ್ಮ ಮನೆಯ ಒಂದು ಕೋಣೆ, ಎರಡು ರೊಟ್ಟಿ ಸಾಕು.

ನಮ್ಮ ಅತ್ತೆಯನ್ನು ಹಬ್ಬ ಮುಗಿದ ಮರುದಿನವೇ ಕರೆದುಕೊಂಡು ಬಂದೆ. ರೋಗ ಕಂಕುಳಿಗೆ ಹಬ್ಬಿತ್ತು. ಆ ಆರು ತಿಂಗಳು ವಾಪಸ್ ಬರುವುದಿಲ್ಲ. ಹತ್ತಿಯನ್ನು ಆಳು ಹಚ್ಚಿ ಬಿಡಿಸಿದರು. ನಾಲ್ಕು ವಾರ ನಮ್ಮ ಹುಬ್ಬಳ್ಳಿ ಮನೆಯಲ್ಲಿದ್ದು ವಿಕಿರಣ ಮುಗಿಸಿದ್ದಾರೆ, ಮಾತ್ರೆ ನಡೆದಿವೆ. ಮೊನ್ನೆ ಫೋನ್ ಮಾಡಿ, “ಓಣಿಯಾಗ ಇನ್ನೊಬ್ಬಾಕಿಗೆ ಗಂಟು ಆಗೇತಿ, ನಾಳೆನ ಕರಕೊಂಡು ಬರ್ತೀನಿ” ಅಂದರು.

ಆಮ್ಯಾಲೆ ಅಲ್ಲ, ನಾಳೆ! ನೀವೂ ಇವತ್ತೇ ತವರಿಗೊಂದು ಫೋನ್ ಮಾಡ್ತೀರಲ್ಲ?