ಎರಡು ದಿನದ ಸಿನಿಮಾ, ನಲವತ್ತು ವರ್ಷದ ಮಾತು

ತೆರೆಗೆ ಬಂದ ಮೂರನೇ ದಿನಕ್ಕೇ ಥಿಯೇಟರುಗಳಿಗೆ ಬೀಗ! ಇಂಥಾ ನಸೀಬು ಯಾವ ಚಿತ್ರಕ್ಕೂ ಬರಬಾರದು. 'ನರಗುಂದ ಬಂಡಾಯ' ಬಿಡುಗಡೆಯಾದದ್ದು 2020ರ ಮಾರ್ಚ್ 12, ಗುರುವಾರ. ಶನಿವಾರದಿಂದ ಕೊರೊನಾ ಅಂತ ರಾಜ್ಯದ ಟಾಕೀಸುಗಳೆಲ್ಲ ಬಂದ್. ಆ ಶನಿವಾರ ನಾನೂ ನಮ್ಮ ದೊಡ್ಡಪ್ಪನೂ ದೇಗಾಂವದಿಂದ ಹೊರಟು ಕಿತ್ತೂರ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ಸುದ್ದಿ ಮುಟ್ಟಿತು. ದೊಡ್ಡಪ್ಪ ಇಸ್ತ್ರಿ ಅಂಗಿ ಹಾಕಿ ಬಂದಿದ್ದ. "ನಡಿ, ಚಾ ಕುಡದು ಹೋಗೂಣು" ಅಂದ, ಅಷ್ಟೇ.

ಅವನಿಗೆ ಅದು ಬರೀ ಸಿನಿಮಾ ಅಲ್ಲ ಮಿತ್ರರೇ. 1980ರ ಜುಲೈ 21ರಂದು, ಹತ್ತೊಂಬತ್ತರ ಹುಡುಗ, ಅವನು ನವಲಗುಂದದಲ್ಲಿದ್ದ. ಸೋದರಮಾವನ ಊರಿನ ರೈತರ ಜೊತೆ ಹೋಗಿದ್ದ. ಮಲಪ್ರಭೆಯ ನೀರು ನಿಲ್ಲುವುದು ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಲ್ಲಿ. ಕಾಲುವೆ ನೀರು ನೆಟ್ಟಗೆ ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಕಟ್ಟು ಅಂತು ಸರಕಾರ. ಸಿಟ್ಟು ಬೀದಿಗೆ ಬಂತು. ನರಗುಂದ, ನವಲಗುಂದ ಎರಡೂ ಕಡೆ ಗೋಲಿಬಾರ್. ರೈತರು ಸತ್ತರು; ನರಗುಂದದಲ್ಲಿ ಪೊಲೀಸರೂ ಸತ್ತರು. ಗುಂಡೂರಾವ್ ಸರಕಾರ 1983ರ ಚುನಾವಣೆಯಲ್ಲಿ ಬಿತ್ತು. ಇಷ್ಟು ಪುಸ್ತಕದಲ್ಲೂ ಸಿಗುತ್ತದೆ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಮಾತ್ರ ಇತಿಹಾಸ ಕಲಿಸಿದ್ದು ಟಾಕೀಸೇ!

ಲಾಕ್‌ಡೌನಿನಲ್ಲಿ ಕೆಲಸವಿಲ್ಲದೆ ಮೊಬೈಲಿನಲ್ಲಿ 'ವಾಟ್‌ಸ್ಟ್ಯಾಕ್ಸ್' ನೋಡಿದೆ. 1973ರ ಅಮೆರಿಕದ ಚಿತ್ರ. ಲಾಸ್ ಏಂಜಲೀಸಿನ ಕಪ್ಪುಜನರ ಕೇರಿ ವಾಟ್ಸ್. 1965ರ ಆಗಸ್ಟಿನಲ್ಲಿ ಆರು ದಿನ ಹೊತ್ತಿ ಉರಿದು 34 ಜನ ಸತ್ತರು. ಏಳು ವರ್ಷದ ಮೇಲೆ ಅದರ ನೆನಪಿಗೆ ಸ್ಟೇಡಿಯಮ್ಮಿನಲ್ಲಿ ಹಾಡಿನ ಜಾತ್ರೆ. ಟಿಕೆಟ್ ಒಂದೇ ಡಾಲರು. ಐಸಾಕ್ ಹೇಯ್ಸ್ ಬಂಗಾರದ ಸರಪಳಿ ಹಾಕ್ಕೊಂಡು ಬಂದದ್ದು ಬಿಡಿ... ನಿರ್ದೇಶಕ ಮೆಲ್ ಸ್ಟುವರ್ಟ್ ಹಾಡಿನ ನಡುನಡುವೆ ಕೇರಿಯ ಜನರನ್ನೇ ಕೂಡಿಸಿ ಮಾತಾಡಿಸಿದ್ದಾನೆ. ಹೀರೋ ಇಲ್ಲ, ಫೈಟಿಂಗ್ ಇಲ್ಲ.

ಕಮಲನಾರಾಯಣ ಗುಡಿ ಮುಂದೆ ಕೂತು ದೊಡ್ಡಪ್ಪನಿಗೂ ತೋರಿಸಿದೆ. ಭಾಷೆ ತಿಳಿಯದು. ಒಬ್ಬ ಹಾಡಿದ್ದಕ್ಕೆ ಜನ ದನಿಗೂಡಿಸಿದಾಗ "ಗೀಗಿ ಮೇಳ ಇದ್ದಂಗ ಐತಲ್ಲೋ" ಅಂದ. ಬಹಳ ಹೊತ್ತು ಸುಮ್ಮನಿದ್ದು, ನಲವತ್ತು ವರ್ಷ ಆಡದ ಮಾತು ಆಡಿದ: "ಕಲ್ಲು ನಾನೂ ಒಗದೀನಿ ತಮ್ಮಾ. ಯಾರಿಗೆ ಬಡೀತೋ ಗೊತ್ತಿಲ್ಲ. ಸಿನಿಮಾದಾಗ ಅದನ್ನ ತೋರ್ಸ್ತಾರೇನು?"

ನಾಗೇಂದ್ರ ಮಾಗಡಿ ನಿರ್ದೇಶನದ ಆ ಚಿತ್ರವನ್ನು ನಾನಿನ್ನೂ ನೋಡಿಲ್ಲ, ಹಾಗಾಗಿ ತಕರಾರಿಲ್ಲ; ಈ ಕಥೆಗೆ ಕೈಹಾಕಿದವರೇ ಗಟ್ಟಿಗರು. ಆದರೆ ಆ ದಿನ ಅಲ್ಲಿದ್ದ ಹುಡುಗರಿಗೆ ಈಗ ಅರವತ್ತು ದಾಟಿದೆ. ಕ್ಯಾಮೆರಾ ಇರುವ ಗೆಳೆಯರು ಜುಲೈ 21ಕ್ಕೆ ನವಲಗುಂದಕ್ಕೆ ಬರ್ರಿ. ದೊಡ್ಡಪ್ಪನನ್ನು ನಾನು ಕರಕೊಂಡು ಬರ್ತೀನಿ. ಕ್ಯಾಮೆರಾ ಮುಂದೆ ಬಾಯಿ ಬಿಡುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.