ಕಳುಹಿಸುವ ಮುನ್ನ ಇನ್ನೊಬ್ಬರು ಓಡಿಸಿ ನೋಡಲಿ

ಬೆಂಗಳೂರಿನ ಕೆ.ಆರ್. ಪುರ ತೂಗುಸೇತುವೆಯ ವಾಹನ ದಟ್ಟಣೆಯನ್ನು ವಿಡಿಯೊದಿಂದ ಅಳೆಯುವ ಸಂಶೋಧನಾ ಪ್ರಬಂಧವೊಂದು ನನ್ನ ಮೇಜಿನ ಮೇಲಿದೆ. ಬರೆದ ವಿದ್ಯಾರ್ಥಿನಿಗೆ ನಾನು ಮೊದಲು ಕೇಳಿದ್ದು ಇಷ್ಟು: ಕಂಪ್ಯೂಟರ್ ಮಾದರಿಯ ತರಬೇತಿಗೂ ಪರೀಕ್ಷೆಗೂ ಒಂದೇ ವಿಡಿಯೊದ ಅಕ್ಕಪಕ್ಕದ ಚಿತ್ರಗಳನ್ನೇ ಬಳಸಿದೆಯಾ ತಾಯಿ? ಹಾಗಿದ್ದರೆ ಪ್ರಬಂಧದ ನಿಖರತೆಯ ಅಂಕಿಯನ್ನು ನಂಬುವಂತಿಲ್ಲ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ನಡೆಸಿದಂತೆ ಅದು. ಬೇರೆ ದಿನದ, ಮಳೆ ಸಂಜೆಯ ಚಿತ್ರಗಳಲ್ಲೂ ಫಲಿತಾಂಶ ನಿಲ್ಲಬೇಕು.

ಪಿಎಚ್.ಡಿ.ಗೆ ಪ್ರಕಟಣೆ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ಆದರೂ ಇಂಥ ತಪಾಸಣೆಗೆ ಬಿಡುವು ಕೊಡದ ಪ್ರಕಟಣೆಯ ಅವಸರ ತಗ್ಗಿಲ್ಲ. ಹಣ ಪಡೆದು ವಿಮರ್ಶೆಯಿಲ್ಲದೆ ಅಚ್ಚು ಹಾಕುವ ಪತ್ರಿಕೆಗಳು ಬದುಕಿರುವುದೇ ಈ ಅವಸರದಿಂದ. ಸಿ.ವಿ. ರಾಮನ್ 1934ರಲ್ಲಿ ನಮ್ಮೂರಲ್ಲೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ‘ಸಾಧನಾ’ ಎಂಬ ಎಂಜಿನಿಯರಿಂಗ್ ಪತ್ರಿಕೆ ತರುತ್ತಿದೆ. ಅಂಥ ಕಡೆ ತಜ್ಞರ ವಿಮರ್ಶೆಗೆ ಕಾಯುವುದು ಸಮಯ ವ್ಯರ್ಥವಲ್ಲ, ಅದೂ ಕಲಿಕೆಯೇ.

ಪೂರ್ವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳು ಒಂದು ನಿಯಮ ತರಲಿ. ಪ್ರಬಂಧ ಕಳುಹಿಸುವ ಮುನ್ನ, ಅದರಲ್ಲಿ ಪಾಲಿಲ್ಲದ ಸಹಪಾಠಿಯೊಬ್ಬರು ಕೋಡ್, ದತ್ತಾಂಶ, ಸಾಫ್ಟ್‌ವೇರ್ ಆವೃತ್ತಿಗಳ ಪಟ್ಟಿ ಪಡೆದು ಬೇರೆ ಕಂಪ್ಯೂಟರ್‌ನಲ್ಲಿ ಓಡಿಸಲಿ. ಫಲಿತಾಂಶ ಹೊಂದಿದರೆ ಕಳುಹಿಸಿ. ಹೊಂದದಿದ್ದರೆ ಕಾರಣ ಹುಡುಕಿ, ಎಲ್ಲಿ ಸೋಲುತ್ತದೆಂಬುದನ್ನೂ ಪ್ರಬಂಧದಲ್ಲೇ ಬರೆಯಿರಿ.