ಕಡಲಪಾಚಿ ದ್ರಾವಣದ ಕ್ಷೇತ್ರ ಪ್ರಯೋಗಕ್ಕೆ ಈ ಮುಂಗಾರಿನಲ್ಲೇ ಅವಕಾಶ ಕೋರಿ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ, ಶಿವಮೊಗ್ಗ.

ಇವರಿಂದ,
ಶಿವಮೊಗ್ಗ ಮತ್ತು ಭದ್ರಾವತಿಯ ಜೈವಿಕ ತಂತ್ರಜ್ಞಾನ ಪದವೀಧರ ಕಿರು ಉದ್ಯಮಿಗಳು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮಲ್ಲಿ ಹೆಚ್ಚಿನವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದಿದವರು. ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂ ನಿಂತ ಮೇಲೆ ದುಡಿಮೆ ಕಳೆದುಕೊಂಡ ಮನೆಗಳ ಮಕ್ಕಳೂ ಇದ್ದೇವೆ. ಕುಮಟಾ, ಹೊನ್ನಾವರದ ಬಂಡೆ ದಡಗಳಲ್ಲಿ ಮಳೆಗಾಲ ಕಳೆದ ಮೇಲೆ ಸರ್ಗಾಸಮ್ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅಲೆಗೆ ಕಿತ್ತು ದಡಕ್ಕೆ ಬಿದ್ದದ್ದನ್ನು ಅಲ್ಲಿನ ಮೀನುಗಾರ ಹೆಣ್ಣುಮಕ್ಕಳು ಆಯ್ದು ಒಣಗಿಸಿ ಕೊಡುತ್ತಾರೆ. ನಾವು ಅದನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ, ಪುಡಿ ಮಾಡಿ, ಕುದಿಸಿ ಸೋಸಿ, ಬೆಳೆಗೆ ಸಿಂಪಡಿಸುವ ದ್ರಾವಣ ತಯಾರಿಸುತ್ತೇವೆ. ಜೂನ್, ಜುಲೈನ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪಾಚಿಯ ಹಣ ಆ ಮೀನುಗಾರರ ಮನೆಗಳಿಗೆ ತಲುಪಬೇಕೆಂದು ನಾವು ಮಾತು ಕೊಟ್ಟಿರುವುದು ಆ ದಿನಗಳಲ್ಲೇ.

ನಿಯಮ ತಮಗೆ ತಿಳಿಯದ್ದಲ್ಲ. 2021ರ ಫೆಬ್ರವರಿ 23ರ ಅಧಿಸೂಚನೆಯ ಪ್ರಕಾರ ಕಡಲಪಾಚಿಯ ಸಾರವೂ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬರುತ್ತದೆ. ಮೂರು ಕೃಷಿ ಪರಿಸರ ವಲಯಗಳಲ್ಲಿ ಕನಿಷ್ಠ ಒಂದು ಹಂಗಾಮು ಪ್ರಯೋಗ ನಡೆದ ದಾಖಲೆ ಇಲ್ಲದೆ ನೋಂದಣಿ ಇಲ್ಲ. ಆ ಪ್ರಯೋಗವನ್ನು ನಾವೇ ಮಾಡಿಕೊಳ್ಳುವಂತಿಲ್ಲ, ಕೃಷಿ ವಿಶ್ವವಿದ್ಯಾಲಯವೋ ಐಸಿಎಆರ್ ಸಂಸ್ಥೆಯೋ ಮಾಡಬೇಕು. ಇದನ್ನು ನಾವು ಒಪ್ಪುತ್ತೇವೆ. ಕಂದು ಪಾಚಿ ಸಮುದ್ರದಿಂದ ಆರ್ಸೆನಿಕ್ ಹೀರಿಕೊಳ್ಳುತ್ತದೆ, ಕೆ.ಜಿ.ಗೆ 10 ಮಿ.ಗ್ರಾಂ. ಮೀರಬಾರದೆಂಬ ಮಿತಿ ಸರಿಯಾಗಿಯೇ ಇದೆ. ಅದರಲ್ಲಿ ನಮಗೆ ಯಾವ ರಿಯಾಯಿತಿಯೂ ಬೇಡ.

ಬೇಕಿರುವುದು ಪ್ರಯೋಗದ ತಾಕು. ನಮ್ಮ ಅರ್ಜಿಯನ್ನು ಮುಂದಕ್ಕೆ ಕಳಿಸಬೇಕಾದ ಕಚೇರಿ, ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿಗೆ ಮೊದಲೇ ಸಲ್ಲಿಸಿದ ಅರ್ಜಿಯನ್ನು ಕೊಯ್ಲು ಮುಗಿದ ಮೇಲೆ ‘ಹಂಗಾಮು ಮೀರಿದೆ’ ಎಂಬ ಷರಾದೊಂದಿಗೆ ಹಿಂದಿರುಗಿಸಿತು. ಸ್ವೀಕೃತಿ ಮೊಹರು, ಶುಲ್ಕದ ಚಲನ್, ನೆನಪೋಲೆಗಳು, ಅವಕ್ಕೆ ಬಂದ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲಿನ ಉತ್ತರಗಳು, ಮಾಹಿತಿ ಹಕ್ಕಿನಡಿ ಪಡೆದ ಕಡತದ ಟಿಪ್ಪಣಿ ಹಾಳೆ, ಎಲ್ಲವನ್ನೂ ದೃಢೀಕರಿಸಿ ಲಗತ್ತಿಸಿದ್ದೇವೆ. ಟಿಪ್ಪಣಿ ಹಾಳೆಯನ್ನು ತಾವು ಖುದ್ದು ನೋಡಬೇಕು. ನಾಟಿಯಿಂದ ಕೊಯ್ಲಿನವರೆಗೆ ಅದರಲ್ಲಿ ಒಂದು ಅಕ್ಷರವೂ ಬಿದ್ದಿಲ್ಲ. ಹಂಗಾಮು ಮೀರುವಂತೆ ಮಾಡಿದವರೇ ಹಂಗಾಮು ಮೀರಿದೆ ಎಂದು ಬರೆದರೆ ನಾವು ಯಾರ ಬಳಿ ಹೋಗಬೇಕು? ತಯಾರಿಸಿಟ್ಟಿದ್ದ ದ್ರಾವಣ ಕ್ಯಾನುಗಳಲ್ಲೇ ಹುಳಿತು ಕೆಟ್ಟಿತು. ಹೊನ್ನಾವರದ ಹೆಣ್ಣುಮಕ್ಕಳಿಗೆ ಕೊಡಬೇಕಾದ ಬಾಕಿಯನ್ನು ಕೈಸಾಲ ಮಾಡಿ ತೀರಿಸಿದ್ದೇವೆ.

2021ಕ್ಕೆ ಮೊದಲೇ ಮಾರುಕಟ್ಟೆಯಲ್ಲಿದ್ದವರಿಗೆ ತಾತ್ಕಾಲಿಕ ನೋಂದಣಿ ದೊರೆಯಿತು, ಅದರ ಅವಧಿ 2025ರ ಜೂನ್ 16ರವರೆಗೂ ವಿಸ್ತರಣೆಯಾಯಿತು. ಆಮೇಲೆ ಬಂದವರಿಗೆ ಒಂದು ದಿನದ ಸವಲತ್ತೂ ಇಲ್ಲ. ಪಾಚಿ ಕೃಷಿಗೆಂದೇ ಮತ್ಸ್ಯ ಸಂಪದ ಯೋಜನೆಯಲ್ಲಿ 640 ಕೋಟಿ ರೂಪಾಯಿ ತೆಗೆದಿರಿಸಿದ ದೇಶದಲ್ಲಿ, ಪಾಚಿ ಕೊಳ್ಳುವವನ ಅರ್ಜಿ ಕಪಾಟಿನಲ್ಲಿ ಕೊಳೆಯುತ್ತಿದೆ.

ಆದ್ದರಿಂದ ತಾವು ಕೃಷಿ, ಕೈಗಾರಿಕೆ ಇಲಾಖೆಗಳ ಅಧಿಕಾರಿಗಳನ್ನೂ ವಿಜ್ಞಾನಿಗಳನ್ನೂ ನಮ್ಮನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಈ ಮುಂಗಾರಿನ ನಾಟಿಗೆ ಮೊದಲು ಪ್ರಯೋಗದ ತಾಕು ನಿಗದಿಪಡಿಸಿಕೊಡಬೇಕು. ಮುಂದೆ ಇಂಥ ಅರ್ಜಿಗಳಿಗೆ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಆದೇಶಿಸಬೇಕು. ಕಳೆದುಹೋದ ಹಂಗಾಮಿಗೆ ಕಟ್ಟಿದ ಶುಲ್ಕವನ್ನು ಹೊಸ ಅರ್ಜಿಗೆ ಜಮಾ ಮಾಡಿಕೊಳ್ಳಬೇಕು. ದ್ರಾವಣದ ಪ್ರತಿ ಬ್ಯಾಚಿನ ಆರ್ಸೆನಿಕ್ ಪರೀಕ್ಷೆ ರಿಯಾಯಿತಿ ದರದಲ್ಲಿ ಜಿಲ್ಲೆಯಲ್ಲೇ ಆಗುವಂತೆ ಕುವೆಂಪು ವಿಶ್ವವಿದ್ಯಾಲಯದೊಂದಿಗೆ ಮಾತನಾಡಬೇಕು.

ಇದಲ್ಲದೆ ಪಾಚಿ ಒಣಗಿಸಲು ಕಾಂಕ್ರೀಟ್ ಕಣಗಳಿಗಾಗಿ ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ ಪತ್ರ ಬರೆಯಬೇಕಾಗಿಯೂ, ಕೃಷಿ ಮೇಳದಲ್ಲಿ ನಮಗೊಂದು ಮಳಿಗೆ ಕೊಡಿಸಬೇಕಾಗಿಯೂ ಕೋರುತ್ತೇವೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಹಂಚುವಾಗ, ಈಗಾಗಲೇ ಅರ್ಜಿ ಹಾಕಿರುವ ನಮ್ಮ ಇಬ್ಬರು ಸದಸ್ಯರನ್ನು ಆದ್ಯತೆಯ ಮೇಲೆ ಪರಿಗಣಿಸಬೇಕು. ಇವರಲ್ಲಿ ಒಬ್ಬರಿಗೆ ಸಹಾಯಧನದ ವಯೋಮಿತಿ ಕೆಲವೇ ತಿಂಗಳಲ್ಲಿ ಮೀರುವುದರಿಂದ ವಿಳಂಬ ಮಾಡಬಾರದಾಗಿ ಪ್ರಾರ್ಥನೆ.

ನಾಟಿಗೆ ಮೊದಲು ಲಿಖಿತ ಉತ್ತರ ಬಾರದಿದ್ದಲ್ಲಿ, ಹುಳಿತ ದ್ರಾವಣದ ಕ್ಯಾನುಗಳೊಂದಿಗೆ ತಮ್ಮ ಕಚೇರಿಯ ಮುಂದೆ ಧರಣಿ ಕೂರುವುದು ಅನಿವಾರ್ಯವಾಗುತ್ತದೆ ಎಂಬುದನ್ನು ಗೌರವಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಹಿಗಳನ್ನು ಲಗತ್ತಿಸಿದೆ)
ಸ್ಥಳ: ಭದ್ರಾವತಿ